ಯಾವ ಹಳ್ಳಕ್ಕೆ ಮೊದಲ ಗಮನ? ಅರ್ಕಾವತಿಯ ಉಪಜಲಾನಯನಗಳನ್ನು ಹೋಲಿಸಿ ನೀರಿನ ಗುಣಮಟ್ಟದ ಯೋಜನೆ ರೂಪಿಸುವ ಸಮಗ್ರ ಮಾರ್ಗದರ್ಶಿ

ನದಿಯೊಂದರ ನೀರು ಕೆಟ್ಟಿದೆ ಎಂದು ಗೊತ್ತಾದ ಮೇಲೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚು ಕೆಟ್ಟಿರುವ ಕಡೆಯಿಂದ ಎಂಬ ಉತ್ತರ ತಾನಾಗಿಯೇ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಕಲುಷಿತ ನದಿಭಾಗಗಳನ್ನು ವಿಂಗಡಿಸುವ ಕ್ರಮವೂ ಇದೇ ಬಗೆಯದು: ಬಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಒಡೆಯಲು ಬೇಕಾಗುವ ಆಮ್ಲಜನಕ) ಪ್ರಮಾಣವು ಲೀಟರಿಗೆ 30 ಮಿಲಿಗ್ರಾಂ ಮೀರಿದ ಭಾಗಗಳು ಮೊದಲ ಆದ್ಯತೆಗೆ, 20ರಿಂದ 30ರವರೆಗಿನವು ಎರಡನೆಯದಕ್ಕೆ, ಹೀಗೆ ಇಳಿಯುತ್ತ ಹೋಗಿ 3ರಿಂದ 6ರ ನಡುವಿನವು ಐದನೆಯ ಆದ್ಯತೆಗೆ ಸೇರುತ್ತವೆ. ಮಾಲಿನ್ಯದ ತೀವ್ರತೆಯನ್ನು ತಿಳಿಯಲು ಈ ಪಟ್ಟಿ ಅಗತ್ಯ. ಆದರೆ ಹಣವೂ ಸಿಬ್ಬಂದಿಯೂ ಮಿತವಾಗಿರುವಾಗ ಇದೊಂದನ್ನೇ ನೆಚ್ಚಿಕೊಂಡರೆ ಇನ್ನೂ ತಿಳಿಯಾಗಿ ಹರಿಯುತ್ತಿರುವ ಹಳ್ಳಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವು ಕೆಟ್ಟ ಮೇಲಷ್ಟೇ ಪಟ್ಟಿಗೆ ಬರುತ್ತವೆ, ಆ ಹೊತ್ತಿಗೆ ಅವನ್ನು ಕಾಪಾಡಲು ಬೇಕಿದ್ದ ಖರ್ಚಿನ ಹಲವು ಪಟ್ಟು ಹಣ ಸುರಿದರೂ ಮೊದಲಿನ ಸ್ಥಿತಿ ಮರಳುವುದು ಕಷ್ಟ.

ಜಲಾನಯನಗಳ, ಅಂದರೆ ಒಂದು ಹಳ್ಳಕ್ಕೋ ನದಿಗೋ ಮಳೆನೀರು ಹರಿದು ಸೇರುವ ನೆಲಗಳ, ಹೋಲಿಕೆ ಈ ಕೊರತೆಯನ್ನು ತುಂಬುವ ವಿಧಾನ. ಎಷ್ಟು ಕೆಟ್ಟಿದೆ ಎಂಬ ಒಂದೇ ಪ್ರಶ್ನೆಯ ಬದಲು ಇಲ್ಲಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಲಾಗುತ್ತದೆ. ಈ ನೆಲಕ್ಕೂ ಹರಿವಿಗೂ ಚೇತರಿಸಿಕೊಳ್ಳುವ ನೈಸರ್ಗಿಕ ಶಕ್ತಿ ಎಷ್ಟು ಉಳಿದಿದೆ? ಅದರ ಮೇಲಿರುವ ಒತ್ತಡ ಎಷ್ಟು? ಕೆಲಸ ಕೈಗೂಡಲು ಬೇಕಾದ ಸಾಮಾಜಿಕ ಮತ್ತು ಆಡಳಿತಾತ್ಮಕ ಅನುಕೂಲ ಎಷ್ಟಿದೆ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ‘ರಿಕವರಿ ಪೊಟೆನ್ಷಿಯಲ್ ಸ್ಕ್ರೀನಿಂಗ್’ ಎಂಬ ಹೆಸರಿನಲ್ಲಿ ಈ ಕ್ರಮವನ್ನು ರೂಪಿಸಿತು. ಅಲ್ಲಿನ 1972ರ ಶುದ್ಧ ಜಲ ಕಾಯಿದೆಯ ಪ್ರಕಾರ ರಾಜ್ಯಗಳು ತಮ್ಮ ಕೆಟ್ಟ ಜಲಮೂಲಗಳ ಪಟ್ಟಿ ಮಾಡಿ ಅವುಗಳಿಗೆ ಆದ್ಯತೆಯ ಕ್ರಮವನ್ನು ಗೊತ್ತುಪಡಿಸಬೇಕು. ಸಾವಿರಾರು ಹೆಸರುಗಳಿರುವ ಪಟ್ಟಿಯಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬ ತೊಡಕಿಗೆ ಉತ್ತರವಾಗಿ ಮೂಡಿದ ವಿಧಾನವಿದು. ಇದರ ಚೌಕಟ್ಟನ್ನು ಇಟ್ಟುಕೊಂಡು, ನಮ್ಮ ಅರ್ಕಾವತಿ ನದಿಗೆ ತಕ್ಕಂತೆ ಏನನ್ನು ಬದಲಿಸಬೇಕು ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಲಾಗಿದೆ.

ಅರ್ಕಾವತಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಂದಿಬೆಟ್ಟದ ಬಳಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರಗಳ ಮೂಲಕ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುವ ಈ ನದಿಯ ಜಲಾನಯನದ ವಿಸ್ತಾರ 4,000 ಚದರ ಕಿಲೋಮೀಟರಿಗೂ ಹೆಚ್ಚು. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ, ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತು ಕೆಂಗೇರಿ, ಬಿಡದಿ, ಬೈರಮಂಗಲಗಳತ್ತ ಹರಿಯುವ ವೃಷಭಾವತಿ, ಬನ್ನೇರುಘಟ್ಟದ ಕಡೆಯ ಸುವರ್ಣಮುಖಿ, ಇವು ಅದರ ಮುಖ್ಯ ಉಪನದಿಗಳು. ಕಾಡು, ಹುಲ್ಲುಗಾವಲು, ರಾಗಿ ಹೊಲ, ನೀಲಗಿರಿ ತೋಪು, ಕೈಗಾರಿಕಾ ಪ್ರದೇಶ, ಮಹಾನಗರ ಎಲ್ಲವೂ ಒಂದೇ ನದಿಯ ಆಶ್ರಯದಲ್ಲಿರುವುದರಿಂದ ಹೋಲಿಕೆಗೆ ಬೇಕಾದ ಎಲ್ಲ ಬಗೆಯ ತುಂಡುಗಳೂ ಇಲ್ಲಿ ಸಿಗುತ್ತವೆ.

ಮೊದಲ ಹೆಜ್ಜೆ: ಉದ್ದೇಶವನ್ನು ಬರೆದಿಡುವುದು

ನಕ್ಷೆ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ವಾಕ್ಯಗಳನ್ನು ಬರೆಯಬೇಕು. ಯಾವ ತೀರ್ಮಾನಕ್ಕಾಗಿ ಈ ಹೋಲಿಕೆ? ನೀರು ಯಾವ ಬಳಕೆಗೆ ಯೋಗ್ಯವಾಗಬೇಕು? ಎರಡನೆಯ ಪ್ರಶ್ನೆಗೆ ಕೇಂದ್ರ ಮಂಡಳಿಯ ಬಳಕೆಯಾಧಾರಿತ ವರ್ಗೀಕರಣ ನೆರವಾಗುತ್ತದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ವರ್ಗದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು. ಮೀನು ಮತ್ತು ವನ್ಯಜೀವಿಗಳಿಗಾಗಿರುವ ‘ಡಿ’ ವರ್ಗದಲ್ಲಿ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಇರಬೇಕು. ನೀರಾವರಿಗಾಗಿರುವ ‘ಇ’ ವರ್ಗದಲ್ಲಿ ವಿದ್ಯುದ್ವಾಹಕತೆ (ಕರಗಿದ ಲವಣಗಳ ಸುಳಿವು), ಸೋಡಿಯಂ, ಬೋರಾನ್‌ಗಳ ಮಿತಿಯನ್ನು ನೋಡಲಾಗುತ್ತದೆ. ಕುಮುದ್ವತಿಯ ಮೇಲ್ಭಾಗಕ್ಕೂ ಬೈರಮಂಗಲದ ಕೆಳಗಿನ ವೃಷಭಾವತಿಗೂ ಒಂದೇ ಗುರಿಯನ್ನು ಹೊಂದಿಸಲು ಹೊರಟರೆ ಮೊದಲನೆಯದಕ್ಕೆ ಗುರಿ ತೀರ ಕೆಳಗಾಗುತ್ತದೆ, ಎರಡನೆಯದಕ್ಕೆ ಹತ್ತು ವರ್ಷವಾದರೂ ಕೈಗೆಟುಕದಷ್ಟು ಮೇಲಾಗುತ್ತದೆ. ಪುನಶ್ಚೇತನದ ಪಟ್ಟಿ ಬೇರೆ, ಸಂರಕ್ಷಣೆಯ ಪಟ್ಟಿ ಬೇರೆ ಎಂಬುದನ್ನು ಈ ಹಂತದಲ್ಲೇ ಒಪ್ಪಿಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಕಡಿಮೆಯಾಗುತ್ತವೆ.

ಎರಡನೆಯ ಹೆಜ್ಜೆ: ಹೋಲಿಕೆಯ ಘಟಕಗಳನ್ನು ಗುರುತಿಸುವುದು

ಹೋಲಿಸುವ ತುಂಡುಗಳು ನೀರಿನ ಎಲ್ಲೆಗಳನ್ನು ಅನುಸರಿಸಬೇಕು. ತಾಲ್ಲೂಕು, ಹೋಬಳಿ, ವಾರ್ಡುಗಳ ಎಲ್ಲೆಗಳನ್ನಲ್ಲ. ಗಾತ್ರದಲ್ಲಿ ಅವು ಒಂದಕ್ಕೊಂದು ಹತ್ತಿರವಿರಬೇಕು. ಭಾರತದ ಮಣ್ಣು ಮತ್ತು ಭೂಬಳಕೆ ಸಮೀಕ್ಷೆಯು ದೇಶವನ್ನು ಜಲಸಂಪನ್ಮೂಲ ವಲಯದಿಂದ ಕಿರುಜಲಾನಯನದವರೆಗೆ ಮಟ್ಟಗಳಾಗಿ ವಿಂಗಡಿಸಿದೆ. ಇದರಲ್ಲಿ ಕಿರುಜಲಾನಯನದ ವಿಸ್ತಾರ 500ರಿಂದ 1,000 ಹೆಕ್ಟೇರ್. ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿಯ ಸುಜಲಾ ಯೋಜನೆಯ ಕಾಲದಿಂದಲೂ ಇದೇ ಮಟ್ಟದಲ್ಲಿ ಕೆಲಸ ನಡೆದಿರುವುದರಿಂದ ಆ ಗಡಿನಕ್ಷೆಗಳು ಸಿದ್ಧವಾಗಿವೆ. ಆದರೆ ನೀರಿನ ಗುಣಮಟ್ಟದ ಹೋಲಿಕೆಗೆ ಕಿರುಜಲಾನಯನ ತೀರ ಚಿಕ್ಕದು: ಅರ್ಕಾವತಿಯಲ್ಲಿ ಅಂಥವು ನೂರಾರು ಇವೆ, ಪ್ರತಿಯೊಂದರಲ್ಲೂ ಮಾದರಿ ತೆಗೆಯುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಇನ್ನೊಂದು ತುದಿಗೆ ಹೋಗಿ ಕುಮುದ್ವತಿ, ವೃಷಭಾವತಿ, ಸುವರ್ಣಮುಖಿ, ಮೇಲಿನ ಅರ್ಕಾವತಿ, ಕೆಳಗಿನ ಅರ್ಕಾವತಿ ಎಂದು ಐದೇ ತುಂಡು ಮಾಡಿದರೆ ನಂದಿಬೆಟ್ಟದ ತಪ್ಪಲಿನ ಹಳ್ಳಗಳೂ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಕೆಳಗಿನ ಕೆರೆಗಳೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಸುಮಾರು 5,000 ಹೆಕ್ಟೇರಿನ ಉಪಜಲಾನಯನಗಳನ್ನು ಘಟಕವಾಗಿ ಇಟ್ಟುಕೊಂಡರೆ ಇಡೀ ಜಲಾನಯನಕ್ಕೆ 80ರ ಆಸುಪಾಸಿನ ಘಟಕಗಳಾಗುತ್ತವೆ. ಮರುಭೇಟಿ ಸಾಧ್ಯವಿರುವ, ವ್ಯತ್ಯಾಸವೂ ಕಾಣುವ ಸಂಖ್ಯೆ ಇದು.

ಗಡಿನಕ್ಷೆ ಸಿಗದ ಕಡೆ ಎಸ್‌ಆರ್‌ಟಿಎಂ ಅಥವಾ ಕಾರ್ಟೋಸ್ಯಾಟ್ ಆಧಾರಿತ 30 ಮೀಟರ್ ಸೂಕ್ಷ್ಮತೆಯ, ನೆಲದ ಎತ್ತರ ತೋರಿಸುವ ದತ್ತಾಂಶವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ ಗಡಿಗಳನ್ನು ಎಳೆಯಬಹುದು. ಅದರ ಸೂಚನೆಗಳು ಎಲ್ಲೆಡೆ ದೊರೆಯುತ್ತವೆ. ಎಚ್ಚರ ಬೇಕಾದುದು ಆ ಬಳಿಕ. ನಮ್ಮ ಬಯಲುಸೀಮೆಯ ಇಳಿಜಾರು ಮೆಲುವಾದದ್ದು. ಕೆರೆಯ ಏರಿ, ಹೆದ್ದಾರಿಯ ದಿಬ್ಬ, ಬಡಾವಣೆಗಾಗಿ ಎತ್ತರಿಸಿದ ನೆಲ ಇವುಗಳ ಮುಂದೆ ತಂತ್ರಾಂಶ ದಾರಿ ತಪ್ಪುತ್ತದೆ. ಆದ್ದರಿಂದ ಹಳೆಯ ಗ್ರಾಮನಕ್ಷೆಗಳನ್ನೂ ಸರ್ವೆ ಇಲಾಖೆಯ ಭೂಪಟಗಳನ್ನೂ ಪಕ್ಕದಲ್ಲಿಟ್ಟುಕೊಂಡು ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ, ರಾಜಕಾಲುವೆ ಎಲ್ಲಿ ತಿರುಗುತ್ತದೆ ಎಂಬುದನ್ನು ಒಂದೊಂದಾಗಿ ಸರಿಪಡಿಸಬೇಕು. ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿಗಳ ಮನೆತನದ ಹಿರಿಯರು ಇರುವ ಊರಿನಲ್ಲಿ ಈ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಅದೂ ಉಪಗ್ರಹಕ್ಕಿಂತ ನಿಖರವಾಗಿ.

ನಗರದೊಳಗೆ ಇನ್ನೂ ಒಂದು ತೊಡಕಿದೆ. ಒಳಚರಂಡಿಯ ಕೊಳವೆಗಳು ಪಂಪುಗಳ ಬಲದಿಂದ ದಿಣ್ಣೆಯನ್ನು ದಾಟಿ ಪಕ್ಕದ ಕಣಿವೆಗೆ ಹೋಗಬಹುದು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ ನೀರು ಬಳಕೆಯಾಗಿ, ಅದರ ಒಂದು ಪಾಲು ವೃಷಭಾವತಿಯಲ್ಲಿ ಕೊಳಚೆಯಾಗಿ ಹರಿದು, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಹೀಗಾಗಿ ಮಳೆಗಾಲದ ಹಳ್ಳವಾಗಿರಬೇಕಿದ್ದ ವೃಷಭಾವತಿ ವರ್ಷವಿಡೀ ತುಂಬಿ ಹರಿಯುತ್ತದೆ. ಮೇಲಿನ ಅರ್ಕಾವತಿ ಮತ್ತು ಕುಮುದ್ವತಿಗಳು ವರ್ಷದ ಬಹುಪಾಲು ಒಣಗಿರುತ್ತವೆ. ಹೊರಗಿನಿಂದ ಬರುವ ಮತ್ತು ಹೊರಗೆ ಹೋಗುವ ನೀರಿಗೆ ಪ್ರತಿ ಘಟಕದ ದಾಖಲೆಯಲ್ಲೂ ಒಂದು ಪ್ರತ್ಯೇಕ ಕಲಂ ಇರಲೇಬೇಕು.

ಕೊನೆಯದಾಗಿ, ಪ್ರತಿ ಘಟಕಕ್ಕೂ ಅದರ ಮೇಲ್ಭಾಗದಲ್ಲಿ ಯಾವ ಯಾವ ಘಟಕಗಳಿವೆ ಎಂಬುದನ್ನು ಬರೆದಿಡಬೇಕು. ಇದು ಚಿಕ್ಕ ವಿಷಯವಲ್ಲ. ಸಂಗಮಕ್ಕೆ ಸಮೀಪದ ಕೆಳಗಿನ ಅರ್ಕಾವತಿ ಕಾವೇರಿ ವನ್ಯಧಾಮದ ಕಾಡಿನ ನಡುವೆ ಹರಿಯುತ್ತದೆ. ಆ ಘಟಕದ ಸ್ವಂತ ನೆಲವನ್ನಷ್ಟೇ ಅಳೆದರೆ ಇಡೀ ಜಲಾನಯನದಲ್ಲೇ ಅದು ಅತ್ಯುತ್ತಮ ಎನಿಸಬಹುದು. ಆದರೆ ಅದರೊಳಗೆ ಹರಿಯುವುದು ಕನಕಪುರದ ಬಳಿ ವೃಷಭಾವತಿ ಬೆರೆತ ನೀರು. ಹಾಗಾಗಿ ಒತ್ತಡವನ್ನು ಎರಡು ಸಲ ಲೆಕ್ಕ ಹಾಕಬೇಕು: ಘಟಕದ ಸ್ವಂತ ಒತ್ತಡ ಒಂದು, ಮೇಲಿನಿಂದ ಕೂಡಿ ಬಂದ ಒಟ್ಟು ಒತ್ತಡ ಇನ್ನೊಂದು. ಸ್ವಂತ ಒತ್ತಡ ಕಡಿಮೆಯಿದ್ದು ಒಟ್ಟು ಒತ್ತಡ ಹೆಚ್ಚಿರುವ ಘಟಕದಲ್ಲಿ ಹಣ ಹಾಕಿ ಫಲವಿಲ್ಲ, ಅದರ ಪರಿಹಾರ ಮೇಲಿನ ಊರಿನಲ್ಲಿದೆ.

ಮೂರನೆಯ ಹೆಜ್ಜೆ: ಸೂಚಕಗಳ ಆಯ್ಕೆ

ಮೂರು ಗುಂಪುಗಳಲ್ಲಿ ತಲಾ ನಾಲ್ಕರಿಂದ ಆರು ಸೂಚಕಗಳು ಸಾಕು. ಸಿಕ್ಕಿದ ದತ್ತಾಂಶವನ್ನೆಲ್ಲ ತುಂಬಿದರೆ ಫಲಿತಾಂಶದ ಖಚಿತತೆ ಹೆಚ್ಚುವುದಿಲ್ಲ, ಮಸುಕಾಗುತ್ತದೆ. ಜನಸಾಂದ್ರತೆ, ಕಟ್ಟಡ ಆವರಿಸಿದ ಪ್ರದೇಶ, ರಸ್ತೆಯ ಉದ್ದ ಈ ಮೂರೂ ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಹೇಳುತ್ತವೆ. ಮೂರನ್ನೂ ಸೇರಿಸಿದರೆ ನಗರೀಕರಣವನ್ನು ಮೂರು ಸಲ ಎಣಿಸಿದಂತಾಗುತ್ತದೆ. ಪರಸ್ಪರ ಸಂಬಂಧದ ಗುಣಾಂಕ (ಎರಡು ಸೂಚಕಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) 0.8 ಮೀರುವ ಜೋಡಿಗಳಲ್ಲಿ ಒಂದನ್ನು ಕೈಬಿಡುವುದು ಒಳ್ಳೆಯ ರೂಢಿ.

ನೈಸರ್ಗಿಕ ಶಕ್ತಿಯ ಗುಂಪಿನಲ್ಲಿ ಸಹಜ ಸಸ್ಯವರ್ಗದ ಪ್ರಮಾಣ, ಹಳ್ಳದ ಎರಡೂ ದಡಗಳ ಪಟ್ಟಿಯಲ್ಲಿ ಉಳಿದಿರುವ ಹಸಿರು, ಕೆರೆ ಸರಣಿಯ ಕೊಂಡಿಗಳು ಎಷ್ಟರ ಮಟ್ಟಿಗೆ ಮುರಿಯದೆ ಉಳಿದಿವೆ ಎಂಬುದು, ಮಳೆಯ ಬಳಿಕ ಹಳ್ಳದಲ್ಲಿ ನೀರು ನಿಲ್ಲುವ ಅವಧಿ ಇವುಗಳನ್ನು ಇಟ್ಟುಕೊಳ್ಳಬಹುದು. ಇಲ್ಲಿ ಭೂಹೊದಿಕೆಯ ನಕ್ಷೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 10 ಮೀಟರ್ ಸೂಕ್ಷ್ಮತೆಯ ಸೆಂಟಿನೆಲ್ ಉಪಗ್ರಹ ಚಿತ್ರಗಳಿಂದ ಮಾಡಿದ ನಕ್ಷೆಗಳಲ್ಲಿಯೂ ನೀಲಗಿರಿ ತೋಪು ಮರಗಳ ಹೊದಿಕೆಯಾಗಿಯೇ ಕಾಣುತ್ತದೆ. ಅರ್ಕಾವತಿಯ ಮೇಲ್ಭಾಗದಲ್ಲಿ ಹರಿವು ಕುಸಿಯಲು ಕೊಳವೆಬಾವಿಗಳ ಜೊತೆಗೆ ಕಾರಣವೆಂದು ಹೇಳಲಾಗುವ ಅದೇ ತೋಪಿಗೆ ಕಾಡಿನ ಅಂಕ ಸಿಕ್ಕಿಬಿಡುತ್ತದೆ. ಇತ್ತ ಹೆಸರಘಟ್ಟದ ಹುಲ್ಲುಗಾವಲಿನಂಥ ಅಪರೂಪದ ನೆಲ ಬೀಳುಭೂಮಿಯ ಸಾಲಿಗೆ ಸೇರಿ ಅಂಕ ಕಳೆದುಕೊಳ್ಳುತ್ತದೆ. ನೀಲಗಿರಿಯನ್ನು ಬೇರೆ ಮಾಡಿ, ಹುಲ್ಲುಗಾವಲನ್ನು ಸಹಜ ಸಸ್ಯವರ್ಗದಲ್ಲಿ ಎಣಿಸುವವರೆಗೆ ಮುಂದಿನ ಹೆಜ್ಜೆಗೆ ಹೋಗಬಾರದು.

ಒತ್ತಡದ ಗುಂಪಿನಲ್ಲಿ ನೀರು ಇಂಗದ ಗಟ್ಟಿ ಹೊದಿಕೆಯ ಶೇಕಡಾವಾರು, ಸಂಸ್ಕರಣೆಯಾಗದ ಕೊಳಚೆಯ ಅಂದಾಜು, ಕೈಗಾರಿಕಾ ಪ್ರದೇಶ, ತೀವ್ರ ಕೃಷಿಯ ಗೊಬ್ಬರದ ಬಳಕೆ, ಕಲ್ಲುಗಣಿಗಾರಿಕೆ ಮುಖ್ಯವಾದವು. ಅಮೆರಿಕದ ಅಧ್ಯಯನಗಳಲ್ಲಿ ಗಟ್ಟಿ ಹೊದಿಕೆ ಶೇ. 10ರ ಆಸುಪಾಸು ತಲುಪಿದಾಗಲೇ ತೊರೆಗಳು ಕೆಡಲು ತೊಡಗಿ, ಶೇ. 25 ದಾಟಿದ ಮೇಲೆ ತೀವ್ರವಾಗಿ ಹಾಳಾಗುವುದು ಕಂಡುಬಂದಿದೆ. ಆದರೆ ಅಲ್ಲಿ ಕೊಳಚೆ ಬಹುಪಾಲು ಸಂಸ್ಕರಣೆಯಾದ ಮೇಲಿನ ಮಾತು ಅದು. ನಮ್ಮಲ್ಲಿ ಕೊಳಚೆಯ ಲೆಕ್ಕವೇ ಮೇಲುಗೈ ಪಡೆಯುತ್ತದೆ, ಅದನ್ನು ಅಂದಾಜಿಸುವುದು ಕಷ್ಟವೂ ಅಲ್ಲ. ತಲಾ ದಿನಕ್ಕೆ 135 ಲೀಟರ್ ನೀರು ಬಳಕೆಯಾಗಿ ಅದರ ಶೇ. 80ರಷ್ಟು ಕೊಳಚೆಯಾಗುತ್ತದೆ ಎಂದು ಹಿಡಿದರೆ 10,000 ಜನರಿರುವ ಘಟಕದಿಂದ ದಿನಕ್ಕೆ 10.8 ಲಕ್ಷ ಲೀಟರ್ ಕೊಳಚೆ ಹೊರಡುತ್ತದೆ. ಅದರಿಂದ ಸಂಸ್ಕರಣಾ ಘಟಕಗಳಲ್ಲಿ ನಿಜವಾಗಿ ಶುದ್ಧವಾಗುವ ಪ್ರಮಾಣವನ್ನು ಕಳೆಯಬೇಕು. ಸಂಸ್ಕರಣಾ ಘಟಕದ ಸ್ಥಾಪಿತ ಸಾಮರ್ಥ್ಯವನ್ನು ಕಳೆಯಬಾರದು. ಕಾಗದದ ಮೇಲಿನ ಸಾಮರ್ಥ್ಯಕ್ಕೂ ಹೊರಬರುವ ನೀರಿಗೂ ಅಂತರ ದೊಡ್ಡದಿರುತ್ತದೆ. ಜನಸಂಖ್ಯೆಗೆ 2011ರ ಜನಗಣತಿಯನ್ನೇ ಬಳಸುವುದಾದರೆ ಬೆಂಗಳೂರಿನ ಅಂಚಿನ ಘಟಕಗಳಲ್ಲಿ ಆಮೇಲೆ ಹಬ್ಬಿದ ಕಟ್ಟಡಗಳ ಪ್ರಮಾಣಕ್ಕೆ ತಕ್ಕಂತೆ ಅದನ್ನು ಹಿಗ್ಗಿಸಬೇಕು, ಇಲ್ಲದಿದ್ದರೆ ಅತಿ ವೇಗವಾಗಿ ಕೆಡುತ್ತಿರುವ ಹಳ್ಳಗಳೇ ಸುರಕ್ಷಿತವಾಗಿ ಕಾಣುತ್ತವೆ.

ಸಾಮಾಜಿಕ ಗುಂಪಿನಲ್ಲಿ ಕುಡಿಯುವ ನೀರಿನ ಮೂಲವಾಗಿರುವುದು, ಕಾನೂನಿನ ರಕ್ಷಣೆ ಇರುವುದು, ಕೆರೆ ಸಮಿತಿಗಳ ಚಟುವಟಿಕೆ, ಎಷ್ಟು ಪಂಚಾಯತಿಗಳಲ್ಲಿ ಘಟಕ ಹಂಚಿಹೋಗಿದೆ ಎಂಬುದು, ಹಿಂದಿನ ಗುಣಮಟ್ಟದ ದಾಖಲೆಗಳ ಲಭ್ಯತೆ ಮೊದಲಾದವು ಸೇರುತ್ತವೆ. ಉದಾಹರಣೆಗೆ, ಅರ್ಕಾವತಿ ಮತ್ತು ಕುಮುದ್ವತಿಗಳ ಸಂಗಮದಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ರಕ್ಷಿಸಲು 2003ರಲ್ಲಿ ಸರ್ಕಾರ ವಲಯಗಳನ್ನು ಗುರುತಿಸಿ ಆದೇಶ ಹೊರಡಿಸಿತು. ಅಲ್ಲಿನ ಘಟಕಗಳಿಗೆ ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಜಾರಿಗೆ ತರುವುದಷ್ಟೇ ಬಾಕಿ; ಆ ಅನುಕೂಲಕ್ಕೆ ಅಂಕ ಸಲ್ಲಬೇಕು.

ಈ ಗುಂಪಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂಘಟಿತ ನಾಗರಿಕರು, ದಾನಿಗಳು, ಸಂಸ್ಥೆಗಳು ಇರುವ ಕಡೆ ಅಂಕ ಸಹಜವಾಗಿ ಏರುತ್ತದೆ. ಬೈರಮಂಗಲದ ಸುತ್ತ ಕೊಳಚೆ ಬೆರೆತ ನೀರಿನಲ್ಲೇ ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್ ಬೆಳೆದು ಬದುಕುವ ರೈತರ ಊರುಗಳಲ್ಲಿ ಅಂಥ ಅನುಕೂಲ ಇಲ್ಲವೆಂಬ ಕಾರಣಕ್ಕೆ ಆ ಘಟಕ ಪಟ್ಟಿಯ ತಳಕ್ಕೆ ಇಳಿದರೆ ಅನ್ಯಾಯಕ್ಕೆ ಅಂಕಗಣಿತದ ಮುದ್ರೆ ಬಿದ್ದಂತಾಗುತ್ತದೆ. ಆದ್ದರಿಂದ ಆ ನೀರನ್ನು ನೇರವಾಗಿ ಬಳಸುವ ಕುಟುಂಬಗಳ ಸಂಖ್ಯೆಯನ್ನು ಒಂದು ಸೂಚಕವಾಗಿ ಸೇರಿಸಿ, ಅದು ಹೆಚ್ಚಿದಷ್ಟೂ ಅಂಕ ಏರುವಂತೆ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ನೀರನ್ನು ಅಳೆಯುವುದು

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಗಾ ಕೇಂದ್ರಗಳ ಮಾಹಿತಿ ಅಮೂಲ್ಯವಾದದ್ದು, ಆದರೆ ಆ ಕೇಂದ್ರಗಳಿರುವುದು ಮುಖ್ಯ ನದಿಯ ಮೇಲೂ ಆಯ್ದ ಕೆರೆಗಳಲ್ಲೂ. 80 ಘಟಕಗಳನ್ನು ಹೋಲಿಸಬೇಕಾದರೆ ಪ್ರತಿ ಘಟಕದ ನೀರು ಹೊರಹೋಗುವ ಸ್ಥಳದಲ್ಲಿ ಮಾದರಿ ಸಂಗ್ರಹಿಸಲೇಬೇಕು. ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ನಿಂತ ಬಳಿಕ ನವೆಂಬರಿನಲ್ಲಿ ಒಮ್ಮೆ, ಸಾಧ್ಯವಾದರೆ ಮೊದಲ ದೊಡ್ಡ ಮಳೆ ರಸ್ತೆ ಚರಂಡಿಗಳ ಕೊಳೆಯನ್ನೆಲ್ಲ ಕೊಚ್ಚಿ ತರುವ ದಿನಗಳಲ್ಲಿ ಇನ್ನೊಮ್ಮೆ ಎಂದು ಯೋಜಿಸಿಕೊಂಡರೆ ಕಾಲದ ವ್ಯತ್ಯಾಸ ತಿಳಿಯುತ್ತದೆ.

ಗಂಟೆಯ ಶಿಸ್ತೂ ಅಷ್ಟೇ ಮುಖ್ಯ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಕರಗಿದ ಆಮ್ಲಜನಕ ಅತಿ ಹೆಚ್ಚಾಗಿರುತ್ತದೆ, ಬೆಳಗಿನ ಜಾವಕ್ಕೆ ಮೀನು ಸಾಯುವಷ್ಟು ಇಳಿಯುತ್ತದೆ. ಒಂದು ಘಟಕವನ್ನು ಬೆಳಿಗ್ಗೆ ಏಳಕ್ಕೂ ಇನ್ನೊಂದನ್ನು ಮಧ್ಯಾಹ್ನ ಎರಡಕ್ಕೂ ಅಳೆದರೆ ಹೋಲಿಕೆ ನಡೆದದ್ದು ಎರಡು ಹಳ್ಳಗಳ ನಡುವೆ ಅಲ್ಲ, ಎರಡು ಹೊತ್ತುಗಳ ನಡುವೆ. ಕೈಗಾರಿಕೆಗಳ ಕೆಳಗಿನ ಘಟಕಗಳಲ್ಲಿ ರಾತ್ರಿಯೂ ಮಾದರಿ ತೆಗೆಯಬೇಕು, ಏಕೆಂದರೆ ತ್ಯಾಜ್ಯ ಹೊರಬರುವ ಹೊತ್ತು ಕಚೇರಿಯ ವೇಳೆಗೆ ಹೊಂದಿಕೊಂಡಿರುವುದಿಲ್ಲ. ಆಮ್ಲಜನಕ, ಉಷ್ಣತೆ, ಪಿಎಚ್, ವಿದ್ಯುದ್ವಾಹಕತೆಗಳನ್ನು ದಡದಲ್ಲೇ ಅಳೆಯಬೇಕು. ಮಲ ಬೆರೆತಿರುವುದರ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ಬೇಕು, ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಬೇಕು. ಬಿಒಡಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆದದ್ದೋ 20 ಡಿಗ್ರಿಯಲ್ಲಿ 5 ದಿನ ಇಟ್ಟದ್ದೋ ಎಂಬುದನ್ನು ಪ್ರಯೋಗಾಲಯದಿಂದ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಮೊದಲನೆಯದು ರೂಢಿಯಲ್ಲಿದ್ದರೂ ಎರಡೂ ಬಗೆಯ ಹಳೆಯ ದಾಖಲೆಗಳು ಸಿಗುತ್ತವೆ.

ಸಾಂದ್ರತೆಯ ಜೊತೆಗೆ ಹರಿವನ್ನೂ ಅಳೆಯದ ಸಮೀಕ್ಷೆ ಅರೆಬರೆಯದು. ತೇಲುವ ವಸ್ತುವೊಂದು ಗೊತ್ತಾದ ದೂರವನ್ನು ಕ್ರಮಿಸುವ ವೇಗವನ್ನು 0.85ರಿಂದ ಗುಣಿಸಿ, ಹಳ್ಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವಿನ ಅಂದಾಜು ಸಿಗುತ್ತದೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದ ಸಾಂದ್ರತೆಯನ್ನು ದಿನಕ್ಕೆ ದಶಲಕ್ಷ ಲೀಟರ್ ಲೆಕ್ಕದ ಹರಿವಿನಿಂದ ಗುಣಿಸಿದರೆ ದಿನಕ್ಕೆ ಎಷ್ಟು ಕಿಲೋಗ್ರಾಂ ಮಾಲಿನ್ಯ ಸಾಗುತ್ತಿದೆ ಎಂಬುದು ನೇರವಾಗಿ ತಿಳಿಯುತ್ತದೆ. ಬಿಒಡಿ 40 ಇರುವ, ದಿನಕ್ಕೆ 50 ಲಕ್ಷ ಲೀಟರ್ ಹರಿಯುವ ಹಳ್ಳ ಕೆಳಗೆ ಕಳಿಸುವುದು 200 ಕಿಲೋಗ್ರಾಂ. ಬಿಒಡಿ 10 ಮಾತ್ರ ಇದ್ದು ದಿನಕ್ಕೆ 5 ಕೋಟಿ ಲೀಟರ್ ಹರಿಯುವ ಹಳ್ಳ ಕಳಿಸುವುದು 500 ಕಿಲೋಗ್ರಾಂ. ನೋಡಲು ಕೊಳಕಾದದ್ದು ಮೊದಲನೆಯದು, ಕೆಳಗಿನ ಜಲಾಶಯಕ್ಕೆ ಹೆಚ್ಚು ಹೊರೆಯಾಗಿರುವುದು ಎರಡನೆಯದು.

ಹಳ್ಳ ಒಣಗಿದ್ದರೆ ಏನು ಮಾಡಬೇಕು? ಅರ್ಕಾವತಿಯಲ್ಲಿ ಇದು ಪ್ರತಿ ಸಮೀಕ್ಷೆಯಲ್ಲೂ ಎದುರಾಗುವ ಸ್ಥಿತಿ. ಕೋಷ್ಟಕದ ಆ ಮನೆಯನ್ನು ಖಾಲಿ ಬಿಡಬಾರದು, ಸೊನ್ನೆ ಎಂದೂ ಬರೆಯಬಾರದು. ‘ಹರಿವಿಲ್ಲ’ ಎಂದು ಬರೆದು ಅದನ್ನೇ ಒಂದು ಅಳತೆಯೆಂದು ಪರಿಗಣಿಸಬೇಕು. ಖಾಲಿ ಬಿಟ್ಟ ಮನೆಯನ್ನು ತಂತ್ರಾಂಶ ಸರಾಸರಿಯಿಂದ ತುಂಬಿಬಿಡುತ್ತದೆ, ಸೊನ್ನೆಯನ್ನು ಮಾಲಿನ್ಯವೇ ಇಲ್ಲವೆಂದು ಓದುತ್ತದೆ. ಅಂಥ ಘಟಕಗಳಲ್ಲಿ ಹಳ್ಳದ ಪಕ್ಕದ ತೆರೆದ ಬಾವಿ ಅಥವಾ ಕೊಳವೆಬಾವಿಯ ನೈಟ್ರೇಟ್ ಮತ್ತು ವಿದ್ಯುದ್ವಾಹಕತೆ ಸ್ವಲ್ಪಮಟ್ಟಿಗೆ ಬದಲಿ ಸುಳಿವನ್ನು ಕೊಡುತ್ತವೆ.

ಐದನೆಯ ಹೆಜ್ಜೆ: ಅಂಕಗಳಾಗಿ ಪರಿವರ್ತಿಸುವುದು

ಶೇಕಡಾವಾರು, ಕಿಲೋಗ್ರಾಂ, ಕುಟುಂಬಗಳ ಸಂಖ್ಯೆ ಇವನ್ನೆಲ್ಲ ಕೂಡಿಸಬೇಕಾದರೆ ಒಂದೇ ಅಳತೆಗೆ ತರಬೇಕು. ಸರಳವಾದ ದಾರಿಯೆಂದರೆ ಘಟಕದ ಮೌಲ್ಯದಿಂದ ಎಲ್ಲ ಘಟಕಗಳಲ್ಲಿನ ಕನಿಷ್ಠ ಮೌಲ್ಯವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠಗಳ ಅಂತರದಿಂದ ಭಾಗಿಸಿ, 100ರಿಂದ ಗುಣಿಸುವುದು. ಮೂರು ಘಟಕಗಳ ಗಟ್ಟಿ ಹೊದಿಕೆ ಶೇ. 8, 20 ಮತ್ತು 56 ಇದೆ ಎಂದು ಭಾವಿಸಿದರೆ ಅವುಗಳ ಅಂಕ ಕ್ರಮವಾಗಿ 0, 25, 100 ಆಗುತ್ತದೆ.

ವೃಷಭಾವತಿಯಂಥ ಘಟಕ ಪಟ್ಟಿಯಲ್ಲಿದ್ದಾಗ ಈ ಸೂತ್ರ ಮೋಸ ಮಾಡುತ್ತದೆ. ನಾಲ್ಕು ಘಟಕಗಳ ಬಿಒಡಿ 3, 5, 8, 60 ಎಂದಿಟ್ಟುಕೊಳ್ಳೋಣ. ಸೂತ್ರದ ಪ್ರಕಾರ ಅಂಕಗಳು 0, 3.5, 8.8 ಮತ್ತು 100. ಸ್ನಾನಯೋಗ್ಯವಾದ 3ಕ್ಕೂ ಅಯೋಗ್ಯವಾದ 8ಕ್ಕೂ ನಡುವಿನ ನಿಜವಾದ ಅಂತರ ಒಂದೇ ಒಂದು ದೈತ್ಯ ಸಂಖ್ಯೆಯ ಕೆಳಗೆ ನಜ್ಜುಗುಜ್ಜಾಯಿತು. ಮೌಲ್ಯಗಳ ಲಾಗರಿತಮ್ ತೆಗೆದು ಅದೇ ಸೂತ್ರ ಬಳಸಿದರೆ ಅಂಕಗಳು ಸುಮಾರು 0, 17, 33, 100 ಆಗುತ್ತವೆ, ಮಧ್ಯದ ಘಟಕಗಳ ವ್ಯತ್ಯಾಸ ಮತ್ತೆ ಕಾಣಿಸುತ್ತದೆ. ಸಂರಕ್ಷಣೆಯ ತೀರ್ಮಾನ ನಿಂತಿರುವುದೇ ಆ ಮಧ್ಯದ ವ್ಯತ್ಯಾಸಗಳ ಮೇಲೆ ಆದ್ದರಿಂದ ಇದನ್ನು ಅಲಕ್ಷಿಸುವಂತಿಲ್ಲ.

ಪ್ರತಿ ಗುಂಪಿನ ಸೂಚಕಗಳ ಸರಾಸರಿ ಆ ಗುಂಪಿನ ಸೂಚ್ಯಂಕ. ಯಾವ ಸೂಚಕಕ್ಕೆ ಹೆಚ್ಚು ತೂಕ ಎಂಬುದನ್ನು ಫಲಿತಾಂಶ ನೋಡುವ ಮೊದಲೇ ಇಲಾಖೆಯವರು, ಪಂಚಾಯತಿಯವರು, ರೈತರು ಕೂಡಿ ನಿರ್ಧರಿಸಿ ಬರೆದಿಡಬೇಕು. ಆಮೇಲೆ ತೂಕ ಬದಲಿಸಲು ಅವಕಾಶ ಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಊರು ಮೇಲೇರುವವರೆಗೂ ಬದಲಿಸುತ್ತಾರೆ. ಒಟ್ಟಾರೆ ಅಂಕ ಬೇಕೆನಿಸಿದರೆ ನೈಸರ್ಗಿಕ ಸೂಚ್ಯಂಕ, 100ರಿಂದ ಒತ್ತಡದ ಸೂಚ್ಯಂಕವನ್ನು ಕಳೆದ ಶೇಷ, ಸಾಮಾಜಿಕ ಸೂಚ್ಯಂಕ ಮೂರನ್ನೂ ಕೂಡಿ ಮೂರರಿಂದ ಭಾಗಿಸಬೇಕು. ನೈಸರ್ಗಿಕ, ಒತ್ತಡ, ಸಾಮಾಜಿಕ ಸೂಚ್ಯಂಕಗಳು ಕ್ರಮವಾಗಿ 70, 40, 55 ಇದ್ದ ಘಟಕಕ್ಕೆ ಸುಮಾರು 62 ಸಿಗುತ್ತದೆ. ಆದರೂ ಈ ಒಂದು ಸಂಖ್ಯೆಯನ್ನಷ್ಟೇ ಪ್ರಕಟಿಸುವುದನ್ನು ನಾನು ಒಪ್ಪುವುದಿಲ್ಲ. ತೀರ ಬೇರೆಬೇರೆ ಸ್ಥಿತಿಯ ಎರಡು ಹಳ್ಳಗಳಿಗೆ ಒಂದೇ 62 ಬರಬಹುದು, ಅವುಗಳಿಗೆ ಬೇಕಾದ ಚಿಕಿತ್ಸೆ ಒಂದೇ ಆಗಿರುವುದಿಲ್ಲ.

ಆರನೆಯ ಹೆಜ್ಜೆ: ಫಲಿತಾಂಶವನ್ನು ಓದುವುದು

ಅಡ್ಡಗೆರೆಯ ಮೇಲೆ ಒತ್ತಡ, ಲಂಬಗೆರೆಯ ಮೇಲೆ ನೈಸರ್ಗಿಕ ಶಕ್ತಿ ಇಟ್ಟು ಪ್ರತಿ ಘಟಕವನ್ನೂ ಒಂದು ವೃತ್ತವಾಗಿ ಗುರುತಿಸಿ, ಸಾಮಾಜಿಕ ಸೂಚ್ಯಂಕಕ್ಕೆ ತಕ್ಕಂತೆ ವೃತ್ತದ ಗಾತ್ರವನ್ನು ಬದಲಿಸಿದರೆ ಇಡೀ ಜಲಾನಯನ ಒಂದು ಪುಟದಲ್ಲಿ ಕಾಣುತ್ತದೆ.

ಶಕ್ತಿ ಹೆಚ್ಚು, ಒತ್ತಡ ಕಡಿಮೆ ಇರುವ ಮೂಲೆಯಲ್ಲಿ ಬೀಳುವವು ಸಂರಕ್ಷಣೆಯ ಘಟಕಗಳು. ಶಿವಗಂಗೆಯ ತಪ್ಪಲು, ಬನ್ನೇರುಘಟ್ಟದ ಕಾಡಂಚು, ಸಾವನದುರ್ಗದ ಸುತ್ತಲಿನ ಹಳ್ಳಗಳನ್ನು ಇಲ್ಲಿ ನಿರೀಕ್ಷಿಸಬಹುದು. ಇಲ್ಲಿ ಕಾಮಗಾರಿಗಿಂತ ನಿರ್ಬಂಧ ಮುಖ್ಯ: ಭೂಪರಿವರ್ತನೆಯ ಅರ್ಜಿಗಳ ಮೇಲೆ ಕಣ್ಣಿಡುವುದು, ಕಾಲುವೆಗಳ ಗಡಿ ಗುರುತಿಸಿ ಕಲ್ಲು ನೆಡುವುದು, ಹೊಸ ಬಡಾವಣೆಗೆ ಕೊಳಚೆಯ ವ್ಯವಸ್ಥೆ ಆಗುವ ಮೊದಲು ಅನುಮತಿ ನೀಡದಿರುವುದು. ಉದ್ಘಾಟನೆಗೆ ಏನೂ ಸಿಗದ ಕೆಲಸವಾದ್ದರಿಂದ ಇದಕ್ಕೆ ಬಜೆಟ್ ಪುಸ್ತಕದಲ್ಲಿ ಪ್ರತ್ಯೇಕ ಶೀರ್ಷಿಕೆ ಇರುವಂತೆ ನೋಡಿಕೊಳ್ಳಬೇಕು.

ಶಕ್ತಿಯೂ ಹೆಚ್ಚು, ಒತ್ತಡವೂ ಹೆಚ್ಚು ಇರುವ ಘಟಕಗಳೇ ಪುನಶ್ಚೇತನಕ್ಕೆ ಮೊದಲ ಅರ್ಹತೆ ಪಡೆದವು. ಮೇಲೆ ಬೆಟ್ಟದ ಹಳ್ಳಗಳು ಇನ್ನೂ ಬದುಕಿದ್ದು, ನಡುವೆ ಪಟ್ಟಣದ ಕೊಳಚೆಯೋ ಕೈಗಾರಿಕೆಯ ತ್ಯಾಜ್ಯವೋ ಒಂದೆರಡು ಕಡೆಯಿಂದ ಮಾತ್ರ ಸೇರುತ್ತಿರುವ ದೊಡ್ಡಬಳ್ಳಾಪುರದ ಕೆಳಗಿನಂಥ ಕೆರೆ ಸರಣಿಗಳು ಈ ಗುಂಪಿಗೆ ಬರುತ್ತವೆ. ಆ ಒಂದೆರಡು ಮೂಲಗಳನ್ನು ತಡೆದರೆ ಉಳಿದ ಕೆಲಸವನ್ನು ನೆಲವೇ ಮಾಡುತ್ತದೆ. ಶಕ್ತಿ, ಒತ್ತಡ ಎರಡೂ ಕಡಿಮೆ ಇರುವ ಕಡೆ ಹೂಳೆತ್ತುವುದು, ಮುಚ್ಚಿದ ಕೋಡಿಕಾಲುವೆ ತೆರೆಯುವುದು, ದಡದಲ್ಲಿ ಹೊಂಗೆ, ನೇರಳೆ ಬೆಳೆಸುವುದು ಮುಂತಾದ ಅಗ್ಗದ ಕೆಲಸಗಳನ್ನು ಉದ್ಯೋಗ ಖಾತ್ರಿಯಂಥ ಯೋಜನೆಗಳ ಅಡಿಯಲ್ಲೇ ಕೈಗೊಳ್ಳಬಹುದು.

ಶಕ್ತಿ ಕಡಿಮೆ, ಒತ್ತಡ ಹೆಚ್ಚು ಎಂಬ ಮೂಲೆಗೆ ವೃಷಭಾವತಿಯ ನಗರ ಭಾಗದ ಘಟಕಗಳು ಬೀಳುತ್ತವೆ. ಇವನ್ನು ಕೈಬಿಡಬೇಕೆಂದು ಯಾರಾದರೂ ಈ ಚಿತ್ರವನ್ನು ಆಧಾರವಾಗಿ ತೋರಿಸಿದರೆ ಅದು ವಿಧಾನದ ದುರುಪಯೋಗ. ಚೇತರಿಕೆ ನಿಧಾನ ಎಂಬುದನ್ನಷ್ಟೇ ಚಿತ್ರ ಹೇಳುತ್ತದೆ. ಕೆಳಗಿನ ರೈತರ ಆರೋಗ್ಯವೂ ಕಾನೂನಿನ ಹೊಣೆಯೂ ಅಂಕಗಳ ಹೊರಗಿನ ಸಂಗತಿಗಳು. ಇವುಗಳಿಗೆ ಪ್ರತ್ಯೇಕ ಹಣ, ಪ್ರತ್ಯೇಕ ಕಾಲಮಿತಿ, ಮೆಟ್ಟಿಲುಮೆಟ್ಟಿಲಾದ ಗುರಿ ಬೇಕು: ಮೊದಲು ಭಾರಲೋಹಗಳನ್ನು ಮೂಲದಲ್ಲೇ ತಡೆದು ನೀರಾವರಿಗೆ ಅಪಾಯವಿಲ್ಲದ ನೀರು, ಆಮೇಲೆ ಮೀನು ಬದುಕುವ ನೀರು. ಹತ್ತಿರದ ಇತರ ಘಟಕಗಳ ಜೊತೆಗೆ ಒಂದೇ ಬೊಕ್ಕಸಕ್ಕಾಗಿ ಇವು ಪೈಪೋಟಿ ನಡೆಸುವಂತಾದರೆ ಎರಡೂ ಸೋಲುತ್ತವೆ.

ತೀರ್ಮಾನಕ್ಕೆ ಮುನ್ನ ಫಲಿತಾಂಶದ ಗಟ್ಟಿತನವನ್ನು ಪರೀಕ್ಷಿಸಬೇಕು. ಒಂದೊಂದೇ ಸೂಚಕವನ್ನು ಕೈಬಿಟ್ಟು, ತೂಕಗಳನ್ನು ಸಮವಾಗಿಸಿ, ಲಾಗರಿತಮ್ ಬದಲು ಸ್ಥಾನಕ್ರಮ ಬಳಸಿ ಲೆಕ್ಕವನ್ನು ಮತ್ತೆ ಮಾಡಿದಾಗಲೂ ಅದೇ ಮೂಲೆಯಲ್ಲಿ ಉಳಿಯುವ ಘಟಕಗಳ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಜಾಗ ಬದಲಿಸುತ್ತಲೇ ಇರುವವುಗಳ ಬಳಿಗೆ ಹೋಗಿ ಹಳ್ಳದ ಉದ್ದಕ್ಕೂ ನಡೆದು ನೋಡಬೇಕು. ನಕ್ಷೆಯಲ್ಲಿ ಕಾಣದ ಕೋಳಿ ಫಾರಂ, ರಾತ್ರಿ ಬಂದು ಕೊಳಚೆ ಸುರಿಯುವ ಟ್ಯಾಂಕರ್, ಒಡೆದ ಒಳಚರಂಡಿಯ ಮ್ಯಾನ್‌ಹೋಲ್ ಇವೆಲ್ಲ ಕಾಲ್ನಡಿಗೆಯಲ್ಲಷ್ಟೇ ಸಿಗುತ್ತವೆ.

ಏಳನೆಯ ಹೆಜ್ಜೆ: ಮರುಹೋಲಿಕೆಗೆ ಸಿದ್ಧತೆ

ಮೂರರಿಂದ ಐದು ವರ್ಷಗಳ ಬಳಿಕ ಇದೇ ಲೆಕ್ಕವನ್ನು ಮತ್ತೆ ಮಾಡಿದಾಗಲೇ ಯೋಜನೆ ಫಲಿಸಿದೆಯೋ ಇಲ್ಲವೋ ತಿಳಿಯುವುದು. ಅದಕ್ಕಾಗಿ ಪ್ರತಿ ಮಾದರಿ ಸ್ಥಳದ ಅಕ್ಷಾಂಶ ರೇಖಾಂಶ, ಫೋಟೊ, ದಿನಾಂಕ, ಗಂಟೆ, ಹಿಂದಿನ ಮೂರು ದಿನಗಳ ಮಳೆ, ಬಳಸಿದ ಪರೀಕ್ಷಾ ವಿಧಾನ, ಸೂಚಕಗಳ ತೂಕ ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು, ಅದರ ಪ್ರತಿಯನ್ನು ಸಂಬಂಧಪಟ್ಟ ಪಂಚಾಯತಿಗಳಲ್ಲೂ ಇರಿಸಬೇಕು. ಅಧಿಕಾರಿಗಳು ವರ್ಗವಾಗುತ್ತಾರೆ, ಪಂಚಾಯತಿ ಅಲ್ಲೇ ಇರುತ್ತದೆ. ಮೊದಲ ಸಲದ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ಬದಲಿಸದೆ ಎರಡನೆಯ ಸಲವೂ ಅವನ್ನೇ ಸೂತ್ರದಲ್ಲಿ ಬಳಸಬೇಕು. ಹೊಸ ಕನಿಷ್ಠ, ಗರಿಷ್ಠಗಳನ್ನು ಹಾಕಿದರೆ ಎಲ್ಲ ಹಳ್ಳಗಳೂ ಒಟ್ಟಿಗೆ ಸುಧಾರಿಸಿದ್ದರೂ ಅಂಕಗಳು ಹಾಗೆಯೇ ಉಳಿಯುತ್ತವೆ, ಎಲ್ಲವೂ ಒಟ್ಟಿಗೆ ಕೆಟ್ಟಿದ್ದರೂ ಅದು ಪಟ್ಟಿಯಲ್ಲಿ ಕಾಣುವುದಿಲ್ಲ.